ಅಂಚಿನವರೆಗೆ ಚಾಚಿದ ಶಿಲುಬೆ

ಮಧ್ಯಯುಗದ ಇಂಗ್ಲೆಂಡಿನ ಬೆಳ್ಳಿ ಪೆನ್ನಿ ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನಿಸುವಷ್ಟು ಹಗುರ. 13ನೇ ಶತಮಾನದ ಪೆನ್ನಿ ಸುಮಾರು 1.4 ಗ್ರಾಂ ತೂಗುತ್ತದೆ, ಅಗಲ 18–19 ಮಿಲಿಮೀಟರು. 8ನೇ ಶತಮಾನದಲ್ಲಿ, ಇಂಗ್ಲೆಂಡಿನ ಆಗಿನ ರಾಜ್ಯಗಳಲ್ಲೊಂದಾದ ಮರ್ಸಿಯದ ದೊರೆ ಆಫ಼ಾನ ಕಾಲಕ್ಕೆ ನೆಲೆಯೂರಿದ ನಾಣ್ಯವಿದು. ಪೌಂಡಿಗೆ 240 ಪೆನ್ನಿ ಎಂಬ ಲೆಕ್ಕವಂತೂ 1971ರವರೆಗೆ ನಡೆಯಿತು.

ಚೊಕ್ಕ ಬೆಳ್ಳಿ ಮೆದು, ಬೇಗ ಸವೆಯುತ್ತದೆ. ಹಾಗಾಗಿ ಸಾವಿರ ಪಾಲಿಗೆ 925 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಕರಗಿಸಿ ಎರೆದ ಗಟ್ಟಿಯನ್ನು ಬಡಿದು ತಗಡು ಮಾಡಿ, ತುಂಡರಿಸಿ, ಕತ್ತರಿಯಿಂದ ದುಂಡಗೆ ಮಾಡುತ್ತಿದ್ದರು. ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ. ನಡುನಡುವೆ ಮಂದಗೆಂಪಿಗೆ ಕಾಯಿಸದಿದ್ದರೆ ಅಂಚು ಬಿರಿಯುತ್ತದೆ. ಕಾಯಿಸಿದಾಗ ಲೋಹದೊಳಗಿನ ಹರಳುಗಳು ಹೊಸದಾಗಿ ಕಟ್ಟಿಕೊಂಡು ಬೆಳ್ಳಿ ಮತ್ತೆ ಮೆದುವಾಗುತ್ತದೆ. ಆದರೆ ಮೇಲ್ಮೈಯ ತಾಮ್ರ ಕಪ್ಪಾಗುತ್ತದೆ, ಅದನ್ನು ಹುಳಿಯಲ್ಲಿ ಕುದಿಸಿ ತೆಗೆಯಬೇಕು. ನಮ್ಮ ಅಕ್ಕಸಾಲಿಗರು ಹುಣಸೆಹುಳಿ ಬಳಸುವುದೂ ಇದಕ್ಕೇ. ತಾಮ್ರ ಕಳೆದುಕೊಂಡ ಮೇಲ್ಪದರ ಒಳಗಿಗಿಂತ ಚೊಕ್ಕ; ಮೇಲ್ಮೈಯನ್ನಷ್ಟೇ ಪರೀಕ್ಷಿಸಿದವರು ಇಂದಿಗೂ ಇಲ್ಲಿ ಮೋಸಹೋಗುತ್ತಾರೆ.

ಇನ್ನು ಅಚ್ಚು. ದೊರೆಯ ಮುಖ ಕೊರೆದ ಕೆಳಗಿನ ಅಚ್ಚಿಗೆ ಮೊನೆಯಿರುತ್ತದೆ, ಅದನ್ನು ಮರದ ದಿಮ್ಮಿಗೆ ನೆಡುತ್ತಾರೆ. ಬಿಲ್ಲೆಯನ್ನು ಅದರ ಮೇಲಿಟ್ಟು, ಹಿಂಬದಿಗೆ ಮೂಡಬೇಕಾದ ಶಿಲುಬೆಯ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ಎರಡನೇ ಪೆಟ್ಟಿಗೆ ಕೈ ಕೊಂಚ ಜರುಗಿದರೆ ಅಕ್ಷರಗಳು ಜೋಡಿಯಾಗಿ ಮೂಡುತ್ತವೆ. ಬಿಲ್ಲೆಯ ದಪ್ಪ ಏರುಪೇರಾಗಿದ್ದರೆ ತೆಳುವಾದ ಕಡೆ ಏನೂ ಮೂಡುವುದಿಲ್ಲ. ನೇರ ಪೆಟ್ಟು ತಿನ್ನುವ ಮೇಲಚ್ಚು ಬೇಗ ಹಾಳಾಗುವುದರಿಂದ ಒಂದೇ ಮುಖಕ್ಕೆ ಹಲವು ಶಿಲುಬೆಗಳು ಜೊತೆಯಾಗುತ್ತವೆ. ಯಾವ ನಾಣ್ಯ ಮೊದಲು, ಯಾವುದು ಆಮೇಲೆ ಎಂದು ತಜ್ಞರು ಪತ್ತೆಹಚ್ಚುವುದು ಬಹುಮಟ್ಟಿಗೆ ಈ ಸರಪಳಿ ಹಿಡಿದೇ.

ಕಳ್ಳರಿಗೆ ಬೇಕಾದದ್ದು ಅಂಚು. ಸುತ್ತ ಒಂದಿಷ್ಟು ಕತ್ತರಿಸಿಕೊಂಡು ಉಳಿದದ್ದನ್ನು ಪೂರ್ತಿ ಬೆಲೆಗೇ ಸಾಗಿಸುತ್ತಿದ್ದರು. 1180ರಿಂದ ನಡೆದುಬಂದ ಪೆನ್ನಿಯಲ್ಲಿ ಶಿಲುಬೆ ಅಕ್ಷರಗಳ ಒಳಗೇ ನಿಲ್ಲುತ್ತಿತ್ತು, ಅಂಚು ಹೋದರೂ ಗೊತ್ತಾಗುತ್ತಿರಲಿಲ್ಲ. 1247ರಲ್ಲಿ ಮೂರನೇ ಹೆನ್ರಿ ಅದನ್ನು ಅಂಚಿನವರೆಗೆ ಚಾಚಿಸಿದ: ನಾಲ್ಕೂ ತುದಿ ಕಾಣದ ನಾಣ್ಯ ಸಲ್ಲದು. ಚಿಲ್ಲರೆಗಾಗಿ ಪೆನ್ನಿಯನ್ನು ಎರಡು, ನಾಲ್ಕು ತುಂಡು ಮಾಡುತ್ತಿದ್ದವರಿಗೂ ಆ ಗೆರೆ ಅನುಕೂಲವೇ. ದುಂಡನೆಯ ಅರ್ಧ, ಕಾಲು ಪೆನ್ನಿಗಳು ನಿಯಮಿತವಾಗಿ ಬಂದದ್ದು 1279–80ರಲ್ಲಿ, ಒಂದನೇ ಎಡ್ವರ್ಡನ ಕಾಲಕ್ಕೆ. ಅಷ್ಟರಲ್ಲಿ ಉದ್ದ ಶಿಲುಬೆಯ ನಾಣ್ಯಗಳನ್ನೂ ಕತ್ತರಿಸಿ ಕತ್ತರಿಸಿ ಸಣ್ಣದಾಗಿಸಿದ್ದರು. ಅಂಚಿಗೇ ಅಕ್ಷರ ಒತ್ತುವ ಯಂತ್ರದ ನಾಣ್ಯ ಸುತ್ತಿಗೆಯ ಜಾಗಕ್ಕೆ ಬಂದದ್ದು 1662ರಲ್ಲಿ.