‘ಬ್ಯಾಂಡ್‌ವಿಡ್ತ್ ಮುಗಿದಿದೆ’ ಅಂದರೆ ಯಾವುದು ಮುಗಿದಿದೆ?

ತಾಲ್ಲೂಕು ಮಟ್ಟದ ಪತ್ರಿಕೆಯೊಂದರ ಸಂಪಾದಕರು ನನ್ನ ಹಳೆಯ ಗಿರಾಕಿ. ಪತ್ರಿಕೆಗೆ ಒಂದು ವೆಬ್‌ಸೈಟ್ ಇದೆ, ಅದರ ರಿಪೇರಿ ಕೆಲಸ ನನ್ನದು. ಸೈಟ್ ಇರುವುದು ಹೋಸ್ಟಿಂಗ್ ಕಂಪನಿಯೊಂದರ ಸರ್ವರ್‌ನಲ್ಲಿ, ಅಂದರೆ ಬಾಡಿಗೆಗೆ ಪಡೆದ ಕಂಪ್ಯೂಟರ್‌ನಲ್ಲಿ. ಒಂದು ದಿನ ಬೆಳಿಗ್ಗೆ ಏಳು ಗಂಟೆಗೇ ಅವರ ಫೋನ್ ಬಂತು.

“ಸಾರ್, ಸೈಟ್ ಓಪನ್ ಆಗ್ತಿಲ್ಲ. 509 ಅಂತ ಏನೋ ತೋರಿಸ್ತಿದೆ. ಹೋಸ್ಟಿಂಗ್‌ನವರನ್ನ ಕೇಳಿದ್ರೆ ಬ್ಯಾಂಡ್‌ವಿಡ್ತ್ ಮುಗಿದಿದೆ, ದೊಡ್ಡ ಪ್ಲಾನ್ ತಗೊಳ್ಳಿ ಅಂತಾರೆ. ಬ್ಯಾಂಡ್‌ವಿಡ್ತ್ ಅಂದ್ರೆ ಸ್ಪೀಡ್ ಅಲ್ವಾ? ಸ್ಪೀಡ್ ಹೇಗೆ ಸಾರ್ ಮುಗಿಯುತ್ತೆ?”

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಈ ಗೊಂದಲ ಮಾಡಿಟ್ಟವರು ನಮ್ಮ ಕಸುಬಿನವರೇ. ವೇಗಕ್ಕೂ ಬ್ಯಾಂಡ್‌ವಿಡ್ತ್ ಅಂತೀವಿ, ತಿಂಗಳಿಗೆ ಒಟ್ಟು ಎಷ್ಟು ಡೇಟಾ ಹರಿಯಿತು ಅನ್ನೋದಕ್ಕೂ ಬ್ಯಾಂಡ್‌ವಿಡ್ತ್ ಅಂತೀವಿ. ಸರ್ವರ್‌ಗೆ ಜನ ಜಾಸ್ತಿಯಾಗಿ ಉಸಿರು ಕಟ್ಟಿದರೂ ಅದೇ ಪದ. ಮೂರೂ ಬೇರೆ ಬೇರೆ ಕಾಯಿಲೆ. ಯಾವುದು ಅಂತ ಗೊತ್ತಾಗುವ ಮೊದಲೇ ದೊಡ್ಡ ಪ್ಲಾನ್ ಕೊಂಡರೆ ಹಣ ಹೋಗುತ್ತದೆ, ಕಾಯಿಲೆ ಉಳಿಯುತ್ತದೆ.

ಸಂಪಾದಕರಿಗೆ ಅಡಿಕೆ ತೋಟವೂ ಇದೆ. ಹಾಗಾಗಿ ತೋಟದ ಭಾಷೆಯಲ್ಲೇ ಹೇಳಿದೆ. ನಿಮ್ಮ ಬೋರ್‌ನಲ್ಲಿ ಎಷ್ಟು ನೀರು? ಎರಡು ಇಂಚು. ಆ ಇಂಚು ಇದೆಯಲ್ಲ, ಅದು ಸ್ಪೀಡ್. ತ್ರೀ ಫೇಸ್ ಕರೆಂಟ್ ಏಳು ಗಂಟೆ ಇದ್ದರೆ ಆ ಏಳು ಗಂಟೆಯಲ್ಲಿ ತೋಟಕ್ಕೆ ಒಟ್ಟು ಬಿದ್ದ ನೀರು ಡೇಟಾ. ಇಂಚು ಮುಗಿಯುವ ವಸ್ತು ಅಲ್ಲ. ಮುಗಿಯೋದು ನಿಮಗೆ ಅಂತ ಅಳೆದು ಕೊಟ್ಟ ಒಟ್ಟು ನೀರು. ಇನ್ನು ಎರಡು ಇಂಚು ನೀರಿಗೆ ಒಂದೇ ಸಲ ಎಷ್ಟು ಸ್ಪ್ರಿಂಕ್ಲರ್ ಜೆಟ್ ತಿರುಗಿಸಬಹುದು ಅಂತ ಒಂದು ಲೆಕ್ಕ ಇರುತ್ತದೆ. ಅದಕ್ಕಿಂತ ನಾಲ್ಕು ಜಾಸ್ತಿ ಹಾಕಿದರೆ ಒಂದೂ ಸರಿಯಾಗಿ ತಿರುಗಲ್ಲ. ಅದು ಮೂರನೇ ಮಿತಿ.

“ಹಂಗಾದ್ರೆ ನಂದು ಯಾವುದು ಸಾರ್?”

ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮನೆಯ ಬ್ರಾಡ್‌ಬ್ಯಾಂಡ್ ನೋಡೋಣ. ಜನ ಈ ಮಿತಿಗೆ ಮೊದಲು ತಲೆ ತಾಗಿಸಿಕೊಳ್ಳುವುದು ಅಲ್ಲೇ.

ಪ್ಲಾನ್‌ನಲ್ಲಿ 100 ಎಂಬಿಪಿಎಸ್ ಅಂತ ಇರುತ್ತದೆ. ಫೈಲ್ ಇಳಿಸುವಾಗ ಕಂಪ್ಯೂಟರ್ 12 ಎಂಬಿ ಅಂತ ತೋರಿಸುತ್ತದೆ. ‘ಎಂಟು ಭಾಗ ಮೋಸ’ ಅಂತ ಬೈದುಕೊಂಡು ನನಗೆ ಫೋನ್ ಮಾಡಿದವರು ಬಹಳ ಜನ. ಇಲ್ಲಿ ಮೋಸ ಇಲ್ಲ. ವೇಗವನ್ನು ಬಿಟ್‌ನಲ್ಲಿ ಅಳೆಯುತ್ತಾರೆ, ಫೈಲನ್ನು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ಅಷ್ಟೇ.

ಮುಂದಿನ ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಸೆಕೆಂಡಿಗೆ 12.5 ಎಂಬಿ ಅಂದರೆ ಒಂದು ದಿನಕ್ಕೆ 1,080 ಜಿಬಿ. ನಮ್ಮಲ್ಲಿ ‘ಅನ್‌ಲಿಮಿಟೆಡ್’ ಅಂತ ಮಾರುವ ಎಷ್ಟೋ ಪ್ಲಾನ್‌ಗಳ ಕೆಳಗೆ ಚುಕ್ಕಿ ಗುರುತು ಹಾಕಿ 3,300 ಜಿಬಿ ಎಫ್‌ಯುಪಿ ಅಂತ ಬರೆದಿರುತ್ತದೆ. ಪೂರ್ತಿ ವೇಗ ಸಿಗುವುದು ಅಷ್ಟು ಡೇಟಾದವರೆಗೆ ಮಾತ್ರ ಅಂತ ಅರ್ಥ. ಪೈಪನ್ನು ಪೂರ್ತಿ ತೆರೆದಿಟ್ಟರೆ ಅದು ಮೂರು ದಿನ ಮತ್ತು ಸ್ವಲ್ಪ ಹೊತ್ತಿನಲ್ಲಿ ಖಾಲಿ. ಉಳಿದ 27 ದಿನ ತೆವಳಬೇಕು. ಹಾಗಂತ ಗಾಬರಿ ಬೇಡ. ಮನುಷ್ಯರು ಹಾಗೆ ಬಳಸುವುದಿಲ್ಲ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿವರೆಗೆ, 4ಕೆ ಆದರೆ 7 ಜಿಬಿವರೆಗೆ ಎಳೆಯುತ್ತದೆ ಅಂತ ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ದಿನಕ್ಕೆ ಐದು ಗಂಟೆ ಎಚ್‌ಡಿ ನೋಡಿದರೂ ತಿಂಗಳಿಗೆ 450 ಜಿಬಿ. ಹೆಚ್ಚಿನ ಮನೆಗಳು 3,300ರ ಹತ್ತಿರಕ್ಕೂ ಹೋಗಲ್ಲ.

ಹಾಗಿದ್ದರೆ ಮಿತಿ ಯಾಕೆ? ಫೈಬರ್ ನಿಮ್ಮ ಮನೆಗೊಂದೇ ಬರುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ ಮೇಲೆ ಕೆಳಗಿಳಿಯುವ ವೇಗ ಸುಮಾರು 2.5 ಜಿಬಿಪಿಎಸ್. ಅದನ್ನು ಸ್ಪ್ಲಿಟರ್ ಹಾಕಿ 32 ಮನೆಗೋ 64 ಮನೆಗೋ ಹಂಚುತ್ತಾರೆ. 32 ಮನೆಗೆ ತಲಾ 100 ಅಂದರೆ 3.2 ಜಿಬಿಪಿಎಸ್ ಆಯಿತು, ಇರೋದೇ 2.5. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಈ ವ್ಯಾಪಾರ ನಿಂತಿದೆ. ಇದು ತಪ್ಪೇನಲ್ಲ. ಊಟದ ಮನೆಯಲ್ಲಿ ಬರುವವರೆಲ್ಲರಿಗೂ ಒಟ್ಟಿಗೆ ಎಲೆ ಹಾಕಲು ಯಾರೂ ಜಾಗ ಕಟ್ಟಿಸುವುದಿಲ್ಲ, ಪಂಕ್ತಿ ಮಾಡುತ್ತಾರೆ.

ನನಗೆ ಒಪ್ಪಿಗೆಯಾಗದ ವಿಷಯ ಬೇರೆ. ಜನಜಂಗುಳಿ ಆಗುವುದು ರಾತ್ರಿ ಎಂಟರಿಂದ ಹನ್ನೊಂದರ ನಡುವೆ. ಮಿತಿ ಇರುವುದು ತಿಂಗಳ ಮೊತ್ತಕ್ಕೆ. ನಡುರಾತ್ರಿ ಮೂರಕ್ಕೆ ಖಾಲಿ ಬಿದ್ದ ಪೈಪಿನಲ್ಲಿ ನಾನು 200 ಜಿಬಿ ಬ್ಯಾಕಪ್ ಹಾಕಿದರೆ ಯಾರ ಸಿನಿಮಾವೂ ನಿಲ್ಲುವುದಿಲ್ಲ. ಆದರೂ ಅದು ನನ್ನ ಲೆಕ್ಕಕ್ಕೆ ಬೀಳುತ್ತದೆ. ದೊಡ್ಡವರ ಲೋಕದಲ್ಲಿ ಹೀಗಿಲ್ಲ. ಡೇಟಾ ಸೆಂಟರ್‌ಗಳಲ್ಲಿ ಐದು ನಿಮಿಷಕ್ಕೊಮ್ಮೆ ವೇಗ ಅಳೆದು, ತಿಂಗಳ ಕೊನೆಗೆ ಅತಿ ಹೆಚ್ಚಿನ ಶೇ 5ರಷ್ಟು ಅಳತೆಗಳನ್ನು ಬಿಟ್ಟು, ಉಳಿದದ್ದರಲ್ಲಿ ಮೇಲಿನದ್ದಕ್ಕೆ ಬಿಲ್ ಹಾಕುವ ಪದ್ಧತಿ ಇದೆ. 30 ದಿನದ ತಿಂಗಳಲ್ಲಿ 36 ಗಂಟೆಯ ಅಬ್ಬರ ಮಾಫಿ. ಅಂದರೆ ಸಗಟಿನಲ್ಲಿ ಇಂಚಿನ ಲೆಕ್ಕ, ಚಿಲ್ಲರೆಯಲ್ಲಿ ಬಿಂದಿಗೆ ಲೆಕ್ಕ.

ನಮ್ಮಲ್ಲಿ ಒಂದು ಅನುಕೂಲ ಉಂಟು. ಮಿತಿ ದಾಟಿದರೆ ಸಾಮಾನ್ಯವಾಗಿ ವೇಗ ಇಳಿಯುತ್ತದೆ, ಬಿಲ್ ಏರುವುದಿಲ್ಲ. ಅಮೆರಿಕದಲ್ಲಿ ಕಾಮ್‌ಕ್ಯಾಸ್ಟ್ ಅನ್ನುವ ಇಂಟರ್ನೆಟ್ ಕಂಪನಿ 2008ರಲ್ಲಿ 250 ಜಿಬಿ ಮಿತಿ ತಂದಿತು. ಆಮೇಲೆ ಅದು 1 ಟಿಬಿ, 1.2 ಟಿಬಿ ಅಂತ ಬೆಳೆಯಿತು, ದಾಟಿದರೆ ಪ್ರತಿ 50 ಜಿಬಿಗೆ 10 ಡಾಲರ್ ಹಾಕುತ್ತಿದ್ದರು. ಅಲ್ಲಿರುವ ನೆಂಟರು ‘ಡೇಟಾ ಕ್ಯಾಪ್’ ಅಂತ ಗೊಣಗುತ್ತಿದ್ದುದಕ್ಕೆ ಕಾರಣ ಇದು. ಇಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರ ಅಕ್ಟೋಬರ್‌ನಲ್ಲಿ ಒಂದು ನಿರ್ದೇಶನ ಹೊರಡಿಸಿತು. ಮಿತಿ ಮುಗಿದ ಮೇಲೂ ಮನೆಯ ಬ್ರಾಡ್‌ಬ್ಯಾಂಡ್‌ನ ಡೌನ್‌ಲೋಡ್ ವೇಗ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು. ಬಳಕೆ ಶೇ 50, 90 ಮತ್ತು 100 ಮುಟ್ಟಿದಾಗ ಗಿರಾಕಿಗೆ ಮೆಸೇಜ್ ಇಲ್ಲವೇ ಇಮೇಲ್ ಹೋಗಬೇಕು. ಆ ಮೆಸೇಜ್ ಬರುವುದು ಕನೆಕ್ಷನ್ ಕೊಡುವಾಗ ಬರೆಸಿದ ನಂಬರ್‌ಗೆ. ಅದು ಊರಿಗೆ ಹೋದ ಬಾಡಿಗೆದಾರನದ್ದೋ, ಅಂಗಡಿಯ ಹುಡುಗನದ್ದೋ ಆಗಿರುತ್ತದೆ. ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ.

ಸಕಲೇಶಪುರದ ಕಡೆ ಒಂದು ಹೋಂಸ್ಟೇ. ರಿಪೇರಿಗೆ ಅಂತ ಒಂದು ತಿಂಗಳು ಪೂರ್ತಿ ಮುಚ್ಚಿದ್ದರು. ಗೆಸ್ಟ್ ಇಲ್ಲ, ಟಿವಿ ಇಲ್ಲ. ಆದರೂ 20ನೇ ತಾರೀಖಿಗೆ 3,300 ಜಿಬಿ ಖಾಲಿ. ಯಾರೋ ವೈಫೈ ಪಾಸ್‌ವರ್ಡ್ ಕದ್ದಿದ್ದಾರೆ ಅಂತ ಯಜಮಾನರಿಗೆ ಪಕ್ಕದ ಎಸ್ಟೇಟಿನವರ ಮೇಲೆ ಗುಮಾನಿ. ಹೋಗಿ ನೋಡಿದರೆ ಕಳ್ಳ ಗೋಡೆಯ ಮೇಲೇ ಕೂತಿದ್ದ. ಎಂಟು ಸಿಸಿಟಿವಿ ಕ್ಯಾಮೆರಾ, ಎಲ್ಲವೂ ಹಗಲು ರಾತ್ರಿ ಕ್ಲೌಡ್‌ಗೆ ರೆಕಾರ್ಡ್ ಮಾಡುತ್ತಿದ್ದವು. ಒಂದೊಂದು ಕ್ಯಾಮೆರಾ 2 ಎಂಬಿಪಿಎಸ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ದಿನಕ್ಕೆ 21.6 ಜಿಬಿ. ಎಂಟಕ್ಕೆ 172.8. ಹತ್ತೊಂಬತ್ತು ದಿನಕ್ಕೆ ಮುಗಿಯಿತು ಲೆಕ್ಕ. ಹೆಚ್ಚಿನ ಪ್ಲಾನ್‌ಗಳಲ್ಲಿ ಅಪ್‌ಲೋಡ್ ಕೂಡ ಸೇರಿಸಿ ಎಣಿಸುತ್ತಾರೆ, ಇದು ಜನಕ್ಕೆ ಗೊತ್ತಿರುವುದಿಲ್ಲ. ರೆಕಾರ್ಡಿಂಗನ್ನು ಅಲ್ಲೇ ಹಾರ್ಡ್ ಡಿಸ್ಕ್‌ಗೆ ತಿರುಗಿಸಿ, ಯಾರಾದರೂ ಓಡಾಡಿದಾಗಿನ ತುಣುಕು ಮಾತ್ರ ಕ್ಲೌಡ್‌ಗೆ ಹೋಗುವ ಹಾಗೆ ಮಾಡಿದೆ. ಪಕ್ಕದ ಎಸ್ಟೇಟಿನವರ ಜೊತೆ ಅವರು ಮತ್ತೆ ಮಾತಾಡಲು ಶುರು ಮಾಡಿದರೋ ಇಲ್ಲವೋ ಕೇಳಲಿಲ್ಲ.

ಈಗ ಸಂಪಾದಕರ ಸೈಟ್‌ಗೆ ಬರೋಣ. ಅವರ ಹೋಸ್ಟಿಂಗ್ ಪ್ಲಾನ್‌ನಲ್ಲಿ ತಿಂಗಳಿಗೆ 100 ಜಿಬಿ. ಹೋಸ್ಟಿಂಗ್‌ನವರು ಅದನ್ನೇ ‘ಬ್ಯಾಂಡ್‌ವಿಡ್ತ್’ ಅಂತ ಬರೆದಿದ್ದರು. ನಿಜವಾಗಿ ಅದು ಡೇಟಾ ಟ್ರಾನ್ಸ್‌ಫರ್, ಅಂದರೆ ಒಟ್ಟು ನೀರು. 509 ಅಂದರೆ ಅದು ಮುಗಿದಿದೆ ಅಂತ ಅರ್ಥ. ಯಾಕೆ ಮುಗಿಯಿತು? ಅವರು ಜಾತ್ರೆ ವಿಶೇಷಾಂಕದ ಪಿಡಿಎಫ್ ಹಾಕಿದ್ದರು. ಮುದ್ರಣಕ್ಕೆ ಕಳಿಸಿದ ಫೈಲೇ, 18 ಎಂಬಿ. ಅದರ ಲಿಂಕ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಆ ಹೊತ್ತಿಗೆ ಉಳಿದಿದ್ದದ್ದು 70 ಜಿಬಿ. ಅದನ್ನು ಬರಿದು ಮಾಡಲು ನಾಲ್ಕು ಸಾವಿರ ಜನವೂ ಬೇಕಾಗಲಿಲ್ಲ. ಜನ ಲಿಂಕ್ ಬದಲು ಫೈಲನ್ನೇ ಫಾರ್ವರ್ಡ್ ಮಾಡಿದ್ದರೆ ಇವರ ಖಾತೆಯಿಂದ ಒಂದು ಬೈಟೂ ಹೋಗುತ್ತಿರಲಿಲ್ಲ, ನೋಡಿ. ನಾನು ಚಿತ್ರಗಳನ್ನು ಕುಗ್ಗಿಸಿ ಆ ಪಿಡಿಎಫನ್ನು 3 ಎಂಬಿಗೆ ತಂದೆ. ಫೋನಿನಲ್ಲಿ ಓದುವವರಿಗೆ ವ್ಯತ್ಯಾಸ ಕಾಣಲಿಲ್ಲ.

ಆದರೆ ಸಂಪಾದಕರು ಅಷ್ಟರಲ್ಲಿ ‘ಅನ್‌ಲಿಮಿಟೆಡ್’ ಪ್ಲಾನ್ ಕೊಂಡುಬಿಟ್ಟಿದ್ದರು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಮತ್ತೆ ಫೋನ್. ಈ ಸಲ 508.

ಒಂದು ಅಂಕಿ ಕಡಿಮೆ, ಕಾಯಿಲೆ ಬೇರೆ. ಆ ದಿನ ಹರಿದ ಡೇಟಾ 10 ಜಿಬಿ ಕೂಡ ಇರಲಿಲ್ಲ. ಮುಗಿದದ್ದು ಜೆಟ್‌ನ ಲೆಕ್ಕ. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದು ಸರ್ವರ್ ಮೇಲೆ ನೂರಾರು ಸೈಟ್ ಇರುತ್ತವೆ. ಒಬ್ಬರೇ ಎಲ್ಲವನ್ನೂ ನುಂಗದಿರಲಿ ಅಂತ ಪ್ರತಿ ಖಾತೆಗೂ ಒಂದೇ ಕ್ಷಣದಲ್ಲಿ ಇಷ್ಟೇ ಪ್ರೋಸೆಸ್, ಅಂದರೆ ಒಟ್ಟಿಗೆ ಇಷ್ಟೇ ಕೆಲಸ, ಅಂತ ಬಿಗಿ ಹಾಕಿರುತ್ತಾರೆ. ಇವರದ್ದು 20. ಇವರ ವರ್ಡ್‌ಪ್ರೆಸ್ ಸೈಟ್ ಒಂದು ಪುಟ ತಯಾರಿಸಲು ಮೂರು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಂದರೆ ಸೆಕೆಂಡಿಗೆ ಏಳು ಪುಟವೂ ಇಲ್ಲ, ನಿಮಿಷಕ್ಕೆ 400. ತಾಲ್ಲೂಕಿನ ಟಾಪರ್‌ಗಳ ಪಟ್ಟಿ ನೋಡಲು ಬಂದವರು ಅದಕ್ಕಿಂತ ಜಾಸ್ತಿ. ‘ಅನ್‌ಲಿಮಿಟೆಡ್’ ಅನ್ನುವ ಮಾತು ಡೇಟಾಕ್ಕೆ ಮಾತ್ರ. ಸಿಪಿಯು, ಮೆಮೊರಿ, ಫೈಲ್‌ಗಳ ಸಂಖ್ಯೆ, ಏಕಕಾಲದ ಪ್ರೋಸೆಸ್, ಇವಕ್ಕೆಲ್ಲ ಲಿಮಿಟ್ ಇತ್ತು. ಪ್ಲಾನ್‌ನ ಷರತ್ತುಗಳ ಪುಟದಲ್ಲಿ ಅದನ್ನು ಬರೆದೂ ಇದ್ದರು.

ಇದಕ್ಕೆ ಮದ್ದು ಇನ್ನೂ ದೊಡ್ಡ ಪ್ಲಾನ್ ಅಲ್ಲ, ಕ್ಯಾಶ್. ನಗದು ಕ್ಯಾಶ್ ಅಲ್ಲ, cache. ಒಂದು ಸಲ ತಯಾರಾದ ಪುಟವನ್ನು ಎತ್ತಿಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಕೊಡುವುದು. ಒಬ್ಬೊಬ್ಬರಿಗೂ ಹೊಸದಾಗಿ ಹಿಟ್ಟು ಕಲಸುವುದು ಬೇಡ. ಕ್ಯಾಶ್ ಪ್ಲಗಿನ್ ಹಾಕಿದೆ, ಮುಂದೆ ಒಂದು ಸಿಡಿಎನ್ ನಿಲ್ಲಿಸಿದೆ. ಸಿಡಿಎನ್ ಬೇರೆ ಬೇರೆ ಊರಿನ ಸರ್ವರ್‌ಗಳಲ್ಲಿ ಪ್ರತಿ ಇಟ್ಟುಕೊಂಡು ಹಂಚುತ್ತದೆ, ಹಾಗಾಗಿ ಚಿತ್ರಗಳ ಭಾರ ಇವರ ಖಾತೆಯ ಮೇಲೆ ಬೀಳುವುದು ಕಡಿಮೆ.

ಚಿತ್ರದ ಭಾರ ಅಂದೆ. ಕನ್ನಡದಲ್ಲಿ ಬರೆಯುವವರು ಇದನ್ನು ಸ್ವಲ್ಪ ಗಮನಿಸಬೇಕು. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ ಮೂರು. ‘ಸ್ತ್ರೀ’ ಅನ್ನುವ ಒಂದು ಅಕ್ಷರದಲ್ಲಿ ಆರು ಚಿಹ್ನೆ, 18 ಬೈಟ್. ಅಯ್ಯೋ ಕನ್ನಡ ಎಷ್ಟು ಭಾರ ಅಂತ ಒಬ್ಬರು ನನ್ನ ಹತ್ತಿರ ಹೇಳಿದ್ದರು. ಈ ಇಡೀ ಅಂಕಣ 40 ಕೆಬಿಯೊಳಗೆ ಮುಗಿಯುತ್ತದೆ, ಸರ್ವರ್ ಅದನ್ನು ಒತ್ತಿ ಕಳಿಸಿದರೆ ಇನ್ನೂ ಎಷ್ಟೋ ಚಿಕ್ಕದು. ಫೋನಿನಲ್ಲಿ ತೆಗೆದ ಒಂದು ಫೋಟೋ 4 ಎಂಬಿ. ಅಂದರೆ ಇಂಥ ನೂರು ಅಂಕಣ. ಭಾರ ಇರುವುದು ಫೋಟೋದಲ್ಲಿ, ಭಾಷೆಯಲ್ಲಿ ಅಲ್ಲ.

ಸಂಪಾದಕರ ಮುಖಪುಟ ಆಗ 6 ಎಂಬಿ ಇತ್ತು. ಶಾಸಕರು ರಿಬ್ಬನ್ ಕತ್ತರಿಸುವ ಚಿತ್ರವೊಂದೇ 4. ಇವರ ಓದುಗರಲ್ಲಿ ಎಷ್ಟೋ ಜನ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರು. ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್, ಸೆಕೆಂಡಿಗೆ 8 ಕೆಬಿ. ಆ ವೇಗದಲ್ಲಿ ಯುಪಿಐನಲ್ಲಿ ಹಣ ಹೋಗುತ್ತದೆ, ಯಾಕೆಂದರೆ ಅದಕ್ಕೆ ಬೇಕಾದ ಡೇಟಾ ಬಹಳ ಚಿಕ್ಕದು. ಆದರೆ 6 ಎಂಬಿ ಪುಟ ತೆರೆಯಲು ಹನ್ನೆರಡೂವರೆ ನಿಮಿಷ. ಯಾರು ಕಾಯುತ್ತಾರೆ? ಇಲ್ಲಿ ಹೊರಟ ಒಂದೊಂದು ಬೈಟೂ ಇವರ ಖಾತೆಯಲ್ಲೂ ಕಳೆಯುತ್ತದೆ, ಓದುಗನ ಪ್ಯಾಕ್‌ನಲ್ಲೂ ಕಳೆಯುತ್ತದೆ. ಚಿತ್ರಗಳ ಅಗಲ ತಗ್ಗಿಸಿ, ವೆಬ್‌ಪಿ ಅನ್ನುವ ಹಗುರವಾದ ಫೈಲ್ ಮಾದರಿಗೆ ತಿರುಗಿಸಿ, ಕೆಳಗಿನವು ಸ್ಕ್ರೋಲ್ ಮಾಡಿದಾಗ ಮಾತ್ರ ಇಳಿಯುವ ಹಾಗೆ ಮಾಡಿದ ಮೇಲೆ ಮುಖಪುಟ 700 ಕೆಬಿಗೆ ಬಂತು. ಶಾಸಕರು ಚಿಕ್ಕದಾಗಲಿಲ್ಲ, ಫೈಲ್ ಮಾತ್ರ ಆಯಿತು.

ಇಷ್ಟಾದರೂ ಒಂದು ತಿಂಗಳು ಬಳಕೆ ಇಳಿಯಲೇ ಇಲ್ಲ. ಸೈಟ್‌ಗೆ ಯಾರು ಬಂದರು ಅಂತ ಸರ್ವರ್ ಬರೆದಿಡುವ ಲಾಗ್ ತೆಗೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಬಂದವರು ಮನುಷ್ಯರೇ ಅಲ್ಲ, ಬಾಟ್‌ಗಳು, ಅಂದರೆ ತಾವಾಗಿಯೇ ಸೈಟ್‌ಗಳನ್ನು ಸುತ್ತುವ ಪ್ರೋಗ್ರಾಂಗಳು. ಹತ್ತು ವರ್ಷದ ಹಳೆಯ ಸಂಚಿಕೆಗಳನ್ನೂ ಒಂದೊಂದಾಗಿ ಎಳೆಯುತ್ತಿದ್ದವು. ಇದು ಇವರೊಬ್ಬರ ಪಾಡಲ್ಲ. 2024ರ ಜನವರಿಯಿಂದ ಚಿತ್ರ, ವಿಡಿಯೊಗಳ ಡೌನ್‌ಲೋಡ್‌ಗೆ ಹೋಗುವ ಬ್ಯಾಂಡ್‌ವಿಡ್ತ್ ಶೇ 50ರಷ್ಟು ಏರಿದೆ, ಅದಕ್ಕೆ ಬಹುಪಾಲು ಕಾರಣ ಬಾಟ್‌ಗಳು ಅಂತ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ 2025ರ ಏಪ್ರಿಲ್‌ನಲ್ಲಿ ಹೇಳಿತ್ತು. ಗೂಗಲ್‌ನದ್ದನ್ನು ಬಿಟ್ಟು, ಪ್ರಯೋಜನ ಇಲ್ಲದವುಗಳಿಗೆ ಬರಬೇಡಿ ಅಂತ ಸೈಟ್‌ನ ರೋಬಾಟ್ಸ್ ಫೈಲ್‌ನಲ್ಲಿ ಬರೆದು ತಡೆದೆ. ಆ ಮಾತು ಕೇಳದವುಗಳನ್ನು ಸಿಡಿಎನ್‌ನಲ್ಲೇ ಬಾಗಿಲು ಹಾಕಿ ನಿಲ್ಲಿಸಿದೆ. ಮುಂದಿನ ತಿಂಗಳು ಬಳಕೆ 22 ಜಿಬಿ. ಹಳೆಯ ಚಿಕ್ಕ ಪ್ಲಾನೇ ಸಾಕಾಗುತ್ತಿತ್ತು.

ಸಂಪಾದಕರಿಗೆ ಖುಷಿಯಿಂದ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

“ಸಾರ್, ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಸಿಟರ್ಸ್ ಲೆಕ್ಕ ಅರ್ಧಕ್ಕಿಂತ ಕಮ್ಮಿ ತೋರಿಸ್ತಿದೆ. ಜಾಹೀರಾತಿನವರಿಗೆಲ್ಲ ನಾನು ಹಳೇ ಲೆಕ್ಕ ಕೊಟ್ಟಿದೀನಲ್ಲ. ಈಗ ಏನಂತ ಹೇಳಲಿ?”