ಮಕ್ಕಳ ರಕ್ಷಣಾ ವ್ಯವಸ್ಥೆ ಸರಿ ಮಾಡೋದ್ರಲ್ಲಿ ಅಪ್ಪ-ಅಮ್ಮನ ಪಾತ್ರ: ಅಪೀಲು ಯಾವುದು, ದೂರು ಯಾವುದು

ತುಮಕೂರಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದ್ತಿರೋರಿಗೆ, ಸೂಪರ್‌ವೈಸರ್ ಪರೀಕ್ಷೆಗೆ ಕೂತಿರೋರಿಗೆ ಈ ನೋಟ್ಸ್. "ಮಕ್ಕಳ ರಕ್ಷಣಾ ವ್ಯವಸ್ಥೆ ಸುಧಾರಣೆಯಲ್ಲಿ ಪೋಷಕರ ಪಾತ್ರ ಏನು" ಅನ್ನೋ ಪ್ರಶ್ನೆ ಬಂದ್ರೆ ಜಾಗೃತಿ, ಸಂಸ್ಕಾರ, ಮನೆಯೇ ಮೊದಲ ಪಾಠಶಾಲೆ ಅಂತ ಎರಡು ಪುಟ ತುಂಬಿಸಿ ಎದ್ದು ಬರ್ತೀವಿ. ಕೇಳಿರೋದು ಅದಲ್ಲ. ವ್ಯವಸ್ಥೆನೇ ಹಳಿ ತಪ್ಪಿದ್ರೆ ಹೆತ್ತೋರ ಕೈಲಿ ಏನಿದೆ ಅಂತ.

ಬಾಲನ್ಯಾಯ ಕಾಯ್ದೆ 2015ರ ಬೇಸಿಕ್ ಗೊತ್ತೇ ಇರುತ್ತೆ: ರಕ್ಷಣೆ ಬೇಕಾದ ಮಗು ಸಿಕ್ಕಿದ್ರೆ 24 ಗಂಟೆ ಒಳಗೆ ಮಕ್ಕಳ ಕಲ್ಯಾಣ ಸಮಿತಿ (ಮಗು ಎಲ್ಲಿರ್ಬೇಕು ಅಂತ ತೀರ್ಮಾನ ಮಾಡೋ ಸಮಿತಿ) ಮುಂದೆ ತರ್ಬೇಕು, ಮನೆ ಪರಿಸ್ಥಿತಿ ನೋಡೋ ಸಾಮಾಜಿಕ ತನಿಖೆ 15 ದಿನ, ಕೊನೆ ಆದೇಶ 4 ತಿಂಗಳು. ಸಮಿತೀಲಿ ಅಧ್ಯಕ್ಷರು ಪ್ಲಸ್ 4 ಜನ. ಪೋಷಕರು ಅಂತ ಒಂದು ಸೀಟೂ ಇಲ್ಲ! ಅದೇ ಸರ್ಕಾರಿ ಶಾಲೆ ಸಮಿತೀಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಮುಕ್ಕಾಲು ಭಾಗ ಪೋಷಕರೇ ಇರ್ಬೇಕು. ಇದನ್ನ ಉತ್ತರದಲ್ಲಿ ಬರೀರಿ, ಸುಮಾರು ಜನ ಬರಿಯಲ್ಲ.

ಈಗ ತಲೆ ಕೆಡಿಸಿದ ಭಾಗ, ಸೆಕ್ಷನ್ 101 ಮತ್ತೆ 27(10). ಒಂದು ಉದಾಹರಣೆ ತಗೊಳ್ಳಿ. ಪಾವಗಡದ ಕಡೆ ಕೂಲಿ ಮಾಡೋ ಒಬ್ಬ ತಾಯಿ, ಮಗ ತುಮಕೂರಿನ ಬಾಲಮಂದಿರದಲ್ಲಿದಾನೆ. "ಮಗ ಇಲ್ಲೇ ಇರ್ಲಿ" ಅಂತ ಸಮಿತಿ ಆದೇಶ ಮಾಡ್ತು, ಆಯಮ್ಮನಿಗೆ ಒಪ್ಪಿಗೆ ಇಲ್ಲ. ಇದು ತೀರ್ಮಾನದ ಮೇಲಿನ ತಕರಾರು, ಅಂದ್ರೆ ಅಪೀಲು: ಸೆಕ್ಷನ್ 101, 30 ದಿನ, ಮಕ್ಕಳ ನ್ಯಾಯಾಲಯ. ಇನ್ನೊಂದು ಕಥೆ ನೋಡಿ. ಅದೇ ತಾಯಿ ಸಮಿತಿ ಹತ್ರ ನೂರು ಕಿಲೋಮೀಟರ್ ಬಸ್ಸಲ್ಲಿ ಬಂದ್ಳು, ಅವತ್ತಿನ ಕೂಲಿ ಹೋಯ್ತು, ಬಾಗ್ಲಲ್ಲಿ "ಇವತ್ತು ಸಿಟಿಂಗ್ ಇಲ್ಲ, ಮುಂದಿನ ವಾರ ಬನ್ನಿ" ಅಂದ್ರು, ಮುಂದಿನ ವಾರಾನೂ ಅದೇ ಮಾತು, ಮಗನ ಕೇಸ್ ಎಲ್ಲಿಗೆ ಬಂತು ಅಂತ ಕೇಳಿದ್ರೆ ಆಮೇಲೆ ನೋಡೋಣ ಅಂದ್ರು. ಇಲ್ಲಿ ಅಪೀಲು ಮಾಡೋಕೆ ಏನೂ ಇಲ್ಲ, ತೀರ್ಮಾನಾನೇ ಆಗಿಲ್ವಲ್ಲ. ಇದು ಸಮಿತಿ ನಡ್ಕೊಂಡ ರೀತಿ ಮೇಲಿನ ದೂರು: ಸೆಕ್ಷನ್ 27(10), ಡಿಸಿ ಹತ್ರ. ತಿಂಗಳಿಗೆ ಕನಿಷ್ಠ 20 ದಿನ ಸಮಿತಿ ಸೇರ್ಬೇಕು ಅಂತ ಕಾಯ್ದೆನೇ ಹೇಳುತ್ತೆ, ಸೆಕ್ಷನ್ 28, ದೂರಲ್ಲಿ ಅದನ್ನೇ ಹಾಕ್ಬೋದು.

ಹಂಗಾದ್ರೆ ಕೋರ್ಟ್ ಅಂದ್ರೆ ಅಪೀಲು, ಡಿಸಿ ಅಂದ್ರೆ ದೂರು ಅಂತ ಗಟ್ಟು ಹೊಡೀಬೇಡಿ, ಅಲ್ಲೇ ಎಡವೋದು. ಫಾಸ್ಟರ್ ಕೇರ್ (ಮಗೂನ ಬೇರೆ ಕುಟುಂಬದಲ್ಲಿ ಇಟ್ಟು ನೋಡ್ಕೊಳ್ಳೋದು), ಪ್ರಾಯೋಜಕತ್ವದ (ಮಗೂಗೆ ಹಣದ ನೆರವು) ತೀರ್ಮಾನಗಳ ಮೇಲಿನ ಅಪೀಲೂ ಡಿಸಿ ಹತ್ರಾನೇ ಹೋಗೋದು. ಅದಕ್ಕೆ ಯಾರ ಹತ್ರ ಅಂತ ನೋಡ್ಬೇಡಿ, "ಏನು ತೀರ್ಮಾನ ಆಯ್ತು" ಅಂತ ಜಗಳಾನಾ, "ಹೆಂಗೆ ನಡ್ಕೊಂಡ್ರು" ಅಂತ ಜಗಳಾನಾ, ಅಷ್ಟು ಕೇಳ್ಕೊಳ್ಳಿ, ಮಿಕ್ಕಿದ್ದು ತಾನಾಗೇ ಬರುತ್ತೆ.

ಸುಧಾರಣೆ ಅನ್ನೋ ಪದಕ್ಕೆ ಉತ್ತರ ಇರೋದು ಈ ದೂರಲ್ಲೇ ಅಂತ ನನ್ನ ಲೆಕ್ಕ. ಅಪೀಲು ಗೆದ್ರೆ ಒಂದು ಮಗು ಮನೆಗೆ ಬರುತ್ತೆ, ಸಮಿತಿ ಹಂಗೇ ಇರುತ್ತೆ. ಕಾಯ್ದೆ ಪ್ರಕಾರ ಡಿಸಿ 3 ತಿಂಗಳಿಗೊಂದ್ಸಲ ಸಮಿತಿ ಕೆಲಸ ರಿವ್ಯೂ ಮಾಡ್ಲೇಬೇಕು, ಆ ಟೇಬಲ್ ಮೇಲೆ ಒಂದೇ ಥರದ ಹತ್ತು ದೂರು ಇದ್ರೆ ತೇಲಿಸಿ ಬಿಡೋಕಾಗಲ್ಲ. ಆದ್ರೆ ಮಗ ಯಾರ ಕೈಲಿದಾನೋ ಅವರ ಮೇಲೇ ಅರ್ಜಿ ಹಾಕೋ ಧೈರ್ಯ ಎಷ್ಟು ತಾಯಂದಿರಿಗೆ ಬರುತ್ತೆ ಹೇಳಿ. ಬರೆಯೋದು ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಆಗುತ್ತೆ, ಧೈರ್ಯ ಅಲ್ಲಿ ಸಿಗಲ್ಲ.

ಹೋಲಿಕೆ ಬೇಕಂದ್ರೆ ನ್ಯೂಜಿಲೆಂಡ್ 1989ರ ಕಾಯ್ದೆ ಬರೀರಿ. ಅಲ್ಲಿ ಕುಟುಂಬ ಸಭೆ ಅಂತ ಇದೆ, ಅಪ್ಪ-ಅಮ್ಮ, ಅಜ್ಜಿ, ಮಾವ ಎಲ್ಲ ಸೇರ್ತಾರೆ, ಒಂದು ಹಂತದಲ್ಲಿ ಅಧಿಕಾರಿಗಳು ಎದ್ದು ಆಚೆ ಹೋಗ್ತಾರೆ, ಮಗೂಗೇನು ಮಾಡೋದು ಅಂತ ಮನೆಯೋರೇ ಮಾತಾಡ್ಕೊಂಡು ಪ್ಲಾನ್ ಹಾಕ್ತಾರೆ. ನಮ್ಮಲ್ಲಿ ಸಾಮಾಜಿಕ ತನಿಖಾ ವರದಿ ಅಂತ ಮನೆಯೋರ ಬಗ್ಗೆ ಬೇರೆಯವರು ಬರೀತಾರೆ.

ಕೊನೇದಾಗಿ, ಮಿಷನ್ ವಾತ್ಸಲ್ಯದ (ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ) ಪ್ರಾಯೋಜಕತ್ವ ತಿಂಗಳಿಗೆ ₹4000, ಬಡತನಕ್ಕೇ ಮಗು ಹಾಸ್ಟೆಲ್ ಸೇರ್ತಿದ್ರೆ ಪೋಷಕರು ಮೊದ್ಲು ಕೇಳ್ಬೇಕಾದ್ದು ಇದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ.