ಒಂದು ದಿನಾರ್‌ಗೆ ಎಷ್ಟು ರೂಪಾಯಿ? ಕರೆನ್ಸಿ ಘಟಕಗಳ ಮೌಲ್ಯವನ್ನು ಹೋಲಿಸುವ ಬಗೆ

ಜಗತ್ತಿನ ಕರೆನ್ಸಿಗಳನ್ನು ಒಂದು ಘಟಕದ ಬೆಲೆಯ ಪ್ರಕಾರ ಸಾಲಾಗಿ ಜೋಡಿಸಿದರೆ ಮೊದಲ ಸ್ಥಾನದಲ್ಲಿ ಕುವೈತಿನ ದಿನಾರ್ ನಿಲ್ಲುತ್ತದೆ. ಅದರ ಹಿಂದೆ ಬಹರೈನಿನ ದಿನಾರ್ ಮತ್ತು ಒಮಾನಿನ ರಿಯಾಲ್ ಬರುತ್ತವೆ. ಅಮೆರಿಕದ ಡಾಲರ್ ಇವುಗಳಿಗಿಂತ ಕೆಳಗಿದ್ದರೆ, ಜಪಾನಿನ ಯೆನ್ ನಮ್ಮ ರೂಪಾಯಿಗಿಂತಲೂ ಕೆಳಗಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾವು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಒಂದು ಘಟಕದ ಬೆಲೆಯೇ ಆ ದೇಶದ ಸಂಪತ್ತಿನ ಅಳತೆ ಎಂದು ಭಾವಿಸಿದರೆ, ಈ ಪಟ್ಟಿಯಿಂದ ತಿಳಿವಿಗಿಂತ ತಪ್ಪು ತಿಳಿವಳಿಕೆಯೇ ಹೆಚ್ಚು ಹುಟ್ಟುತ್ತದೆ. ಕರೆನ್ಸಿಯ ಘಟಕ ಎಷ್ಟು ದೊಡ್ಡದಿರಬೇಕೆಂಬುದನ್ನು ಅದು ಹುಟ್ಟಿದ ದಿನ ಯಾರೋ ತೀರ್ಮಾನಿಸಿರುತ್ತಾರೆ. ಆದ್ದರಿಂದ ಅದರ ಇಂದಿನ ಬೆಲೆಯನ್ನು ಓದುವ ಮೊದಲು ಆರಂಭದ ಬೆಲೆಯನ್ನು ನೋಡಬೇಕು.

ಕುವೈತಿನ ಉದಾಹರಣೆ ನಮಗೆ ತೀರ ಹತ್ತಿರದ್ದು, ಏಕೆಂದರೆ ಕೊಲ್ಲಿಯ ಹಲವು ನಾಡುಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿಯೇ. ಚಿನ್ನದ ಕಳ್ಳಸಾಗಣೆಯ ಮೂಲಕ ಭಾರತದ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು ನಮ್ಮ ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. ‘ಗಲ್ಫ್ ರೂಪಾಯಿ’ ಎಂದು ಹೆಸರಾದ ಆ ನೋಟಿನ ಬೆಲೆ ಭಾರತದ ರೂಪಾಯಿಗೆ ಸರಿಸಮವಾಗಿತ್ತು. 1961ರಲ್ಲಿ ಕುವೈತ್ ತನ್ನದೇ ದಿನಾರನ್ನು ತಂದಾಗ ಅದನ್ನು ಒಂದು ಬ್ರಿಟಿಷ್ ಪೌಂಡಿಗೆ ಸಮನಾಗಿ, ಅಂದರೆ 13.33 ಗಲ್ಫ್ ರೂಪಾಯಿಗೆ ಒಂದು ದಿನಾರ್‌ನಂತೆ ನಿಗದಿಪಡಿಸಿತು. ಬಹರೈನ್ 1965ರಲ್ಲಿ ಹತ್ತು ರೂಪಾಯಿಗೆ ಒಂದು ದಿನಾರ್ ಎಂಬ ಸರಳ ಲೆಕ್ಕವನ್ನು ಆರಿಸಿಕೊಂಡಿತು. ಕುವೈತ್ ಅಂದು ಒಂದು ರೂಪಾಯಿಗೆ ಒಂದು ದಿನಾರ್ ಎಂದು ಗೊತ್ತುಮಾಡಿದ್ದರೆ ಅದರ ತೈಲಬಾವಿಗಳಲ್ಲಿ ಒಂದು ಹನಿಯೂ ಕಡಿಮೆಯಾಗುತ್ತಿರಲಿಲ್ಲ, ಆದರೆ ಇಂದಿನ ಪಟ್ಟಿಯಲ್ಲಿ ದಿನಾರ್ ಎಷ್ಟೋ ಕೆಳಗಿರುತ್ತಿತ್ತು.

ಆರಂಭದ ಬೆಲೆ ಆಕಸ್ಮಿಕವಾದರೂ ಅನಂತರದ ಚಲನೆ ಆಕಸ್ಮಿಕವಲ್ಲ. 1961ರಲ್ಲಿ ಒಂದು ಪೌಂಡಿಗೆ 2.80 ಡಾಲರ್ ಇದ್ದುದರಿಂದ ದಿನಾರಿನ ಬೆಲೆಯೂ ಅಷ್ಟೇ ಇತ್ತು, ಇಂದು ಅದು ಮೂರು ಡಾಲರ್‌ಗಿಂತ ತುಸು ಹೆಚ್ಚಾಗಿದೆ. ಅದೇ ಅವಧಿಯಲ್ಲಿ ಒಂದು ದಿನಾರ್ ಕೊಳ್ಳಲು ಬೇಕಾದ ರೂಪಾಯಿ ಹದಿಮೂರರಿಂದ ಇನ್ನೂರೈವತ್ತನ್ನೂ ಮೀರಿದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿಗೆ ದುಡಿಯಲು ಹೋದವರ ಮನೆಗಳಲ್ಲಿ ಈ ಬದಲಾವಣೆಯ ಫಲವನ್ನು ತಲೆಮಾರುಗಳಿಂದ ಕಂಡಿದ್ದಾರೆ. ಅಧ್ಯಯನಕ್ಕೆ ತಕ್ಕ ವಿಷಯ ದಿನಾರಿನ ಎತ್ತರವಲ್ಲ, ಈ ಅಂತರ ಬೆಳೆದ ಬಗೆ.

ಇಲ್ಲಿಯೇ ಒಂದು ಜನಪ್ರಿಯ ಸುಳ್ಳನ್ನು ಪರೀಕ್ಷಿಸಿ ನೋಡೋಣ. ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿ ಒಂದು ಡಾಲರ್‌ಗೆ ಸಮನಾಗಿತ್ತು ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ. 1947ರಲ್ಲಿ ರೂಪಾಯಿಯ ಬೆಲೆ ಡಾಲರ್‌ನಲ್ಲಿ ಅಲ್ಲ, ಪೌಂಡಿನಲ್ಲಿ ನಿಗದಿಯಾಗಿತ್ತು: ಒಂದು ರೂಪಾಯಿಗೆ 1 ಷಿಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್. ಆಗ ಒಂದು ಪೌಂಡಿಗೆ 240 ಪೆನ್ಸ್ ಇದ್ದುದರಿಂದ 240ನ್ನು 18ರಿಂದ ಭಾಗಿಸಿದಾಗ ಪೌಂಡಿನ ಬೆಲೆ 13.33 ರೂಪಾಯಿ ಆಗುತ್ತದೆ. ಅಂದಿನ ಪೌಂಡ್ 4.03 ಡಾಲರ್‌ಗೆ ಸಮ, ಆದ್ದರಿಂದ ಡಾಲರಿನ ಬೆಲೆ ಸುಮಾರು 3.31 ರೂಪಾಯಿ. 1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡನ್ನು 2.80 ಡಾಲರಿಗೆ ಇಳಿಸಿದಾಗ ಭಾರತವೂ ಅದೇ ಪ್ರಮಾಣದಲ್ಲಿ ರೂಪಾಯಿಯನ್ನು ಇಳಿಸಿತು, ಡಾಲರ್ 4.76 ರೂಪಾಯಿಯಾಯಿತು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರು ಆ ಸುಳ್ಳನ್ನು ಮತ್ತೆ ನಂಬಲಾರರು.

1966ರ ಜೂನ್ 6ರ ಅಪಮೌಲ್ಯೀಕರಣದಲ್ಲಿ, ಅಂದರೆ ಸರ್ಕಾರವೇ ರೂಪಾಯಿಯ ಬೆಲೆಯನ್ನು ಇಳಿಸಿದಾಗ, ಡಾಲರ್ 4.76ರಿಂದ 7.50 ರೂಪಾಯಿಗೆ ಏರಿತು. ಇದನ್ನು ಕೆಲವು ಪುಸ್ತಕಗಳು 57.5 ಶೇಕಡಾ ಎಂದೂ ಇನ್ನು ಕೆಲವು 36.5 ಶೇಕಡಾ ಎಂದೂ ಬರೆಯುವುದರಿಂದ ಓದುವವರು ಗೊಂದಲಕ್ಕೆ ಬೀಳುತ್ತಾರೆ. ಎರಡೂ ಸರಿಯೇ. ರೂಪಾಯಿಯಲ್ಲಿ ಡಾಲರಿನ ಬೆಲೆ 57.5 ಶೇಕಡಾ ಏರಿತು, ಡಾಲರಿನಲ್ಲಿ ರೂಪಾಯಿಯ ಬೆಲೆ 36.5 ಶೇಕಡಾ ಇಳಿಯಿತು. ಯಾವ ಕರೆನ್ಸಿಯ ಬೆಲೆಯನ್ನು ಯಾವುದರಲ್ಲಿ ಅಳೆಯಲಾಗಿದೆ ಎಂಬುದನ್ನು ಹೇಳದ ಶೇಕಡಾವಾರಿಗೆ ಅರ್ಥವಿಲ್ಲ.

ಜಪಾನ್ 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ಎಂಬ ದರವನ್ನು ಉಳಿಸಿಕೊಂಡಿತ್ತು. ಹಾಗಾಗಿ 1960ರಲ್ಲಿ ಒಂದು ರೂಪಾಯಿಗೆ ಸುಮಾರು 75 ಯೆನ್ ಸಿಗುತ್ತಿತ್ತು. ಆಗಲೂ ಜಪಾನಿನ ತಲಾ ಆದಾಯ ನಮ್ಮದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಇಂದು ಒಂದು ರೂಪಾಯಿಗೆ ಪೂರ್ತಿ ಎರಡು ಯೆನ್ ಸಹ ಸಿಗುವುದಿಲ್ಲ. ಆದರೂ ಪಟ್ಟಿಯಲ್ಲಿ ರೂಪಾಯಿ ಈಗಲೂ ಯೆನ್‌ಗಿಂತ ಮೇಲೆಯೇ ಇದೆ! ಆ ಆರು ದಶಕಗಳ ನಡೆಯನ್ನು ನೋಡದೆ ಇಂದಿನ ಸ್ಥಾನವನ್ನಷ್ಟೇ ನೋಡುವವರಿಗೆ, ಭಾರತದಲ್ಲಿ ಬೆಲೆಗಳು ಜಪಾನಿಗಿಂತ ಬಹಳ ವೇಗವಾಗಿ ಏರಿದವೆಂಬ ಮುಖ್ಯ ಸಂಗತಿಯೇ ಕಾಣುವುದಿಲ್ಲ.

ಸೊನ್ನೆಗಳನ್ನು ತೆಗೆದುಹಾಕಿಯೂ ಘಟಕವನ್ನು ದೊಡ್ಡದು ಮಾಡಬಹುದು. ಟರ್ಕಿ 2005ರ ಜನವರಿ 1ರಂದು ತನ್ನ ಲಿರಾದಿಂದ ಆರು ಸೊನ್ನೆಗಳನ್ನು ಕಳೆಯಿತು. ಸುಮಾರು 13 ಲಕ್ಷ ಲಿರಾ ಇದ್ದ ಡಾಲರ್ ಮರುದಿನ ಸುಮಾರು 1.3 ಲಿರಾ ಆಯಿತು, ಸಂಬಳವೂ ಬೆಲೆಗಳೂ ಅದೇ ಪ್ರಮಾಣದಲ್ಲಿ ಕುಗ್ಗಿದವು, ಯಾರೂ ಶ್ರೀಮಂತರಾಗಲಿಲ್ಲ. ಮುಂದೆ ಹಣದುಬ್ಬರ ಮರಳಿದಾಗ ಹೊಸ ಲಿರಾವೂ ಕುಸಿದು 2024ರ ವೇಳೆಗೆ ಡಾಲರಿಗೆ 30 ಲಿರಾವನ್ನು ದಾಟಿತು.

ಇನ್ನು ಉಳಿದದ್ದು ಕೊಳ್ಳುವ ಶಕ್ತಿಯ ಪ್ರಶ್ನೆ. ಮಾರುಕಟ್ಟೆಯ ವಿನಿಮಯ ದರ ಮುಖ್ಯವಾಗಿ ಗಡಿ ದಾಟುವ ಸರಕು, ಸೇವೆ ಮತ್ತು ಬಂಡವಾಳದ ವ್ಯವಹಾರದಿಂದ ರೂಪುಗೊಳ್ಳುತ್ತದೆ. ಕ್ಷೌರ, ಮನೆ ಬಾಡಿಗೆ, ಬಸ್ ಪ್ರಯಾಣದಂಥ ಗಡಿ ದಾಟದ ಸೇವೆಗಳು ಕೂಲಿ ಕಡಿಮೆಯಿರುವ ದೇಶಗಳಲ್ಲಿ ಅಗ್ಗವಾಗಿರುತ್ತವೆ. ಆದ್ದರಿಂದ ವಿಶ್ವ ಬ್ಯಾಂಕ್ ನಡೆಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮವು ಎಲ್ಲ ದೇಶಗಳಲ್ಲೂ ಹೋಲಿಸಬಹುದಾದ ಸರಕು ಮತ್ತು ಸೇವೆಗಳ ಬೆಲೆಗಳನ್ನು ಸಂಗ್ರಹಿಸಿ ಬೇರೊಂದು ದರವನ್ನು ಲೆಕ್ಕಹಾಕುತ್ತದೆ. 2017ರ ಸುತ್ತಿನಲ್ಲಿ ಮಾರುಕಟ್ಟೆಯ ದರ ಡಾಲರಿಗೆ 65.12 ರೂಪಾಯಿ ಇದ್ದರೆ, ಕೊಳ್ಳುವ ಶಕ್ತಿಯ ಸಮಾನತೆಯ ದರ 20.65 ರೂಪಾಯಿ ಮಾತ್ರ ಇತ್ತು. ಅಂದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ಭಾರತದಲ್ಲಿ ಸರಾಸರಿ 20.65 ರೂಪಾಯಿಗೆ ಪಡೆಯಬಹುದಿತ್ತು.

ಎರಡು ದೇಶಗಳ ಜೀವನಮಟ್ಟವನ್ನು ಹೋಲಿಸಲು ಈ ಎರಡನೆಯ ದರವೇ ಯೋಗ್ಯ. ಆದರೆ ಕಚ್ಚಾ ತೈಲ ತರಿಸುವಾಗಲೂ, ಹೊರದೇಶದ ಸಾಲ ತೀರಿಸುವಾಗಲೂ, ಮಕ್ಕಳ ವಿದೇಶಿ ಶಿಕ್ಷಣದ ಶುಲ್ಕ ಕಟ್ಟುವಾಗಲೂ 20.65ರ ದರದಲ್ಲಿ ಡಾಲರ್ ಕೊಡುವವರು ಯಾರೂ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಮಾರುಕಟ್ಟೆಯ ದರವೊಂದೇ.